ಓಗೊಡದ ವಿಳಾಸ

"ಅಜ್ಜಾರ, ಕರೆದರೆ ಓಗೊಡದವನನ್ನು ಇಲ್ಲ ಎಂದೇ ತಿಳಿಯಬಹುದಲ್ಲವೇ?"

ಕೊಟ್ರಯ್ಯ ಹೀಗೆ ಕೇಳಿದಾಗ ಗುರುಗಳು ಮಠದ ಕಟ್ಟೆಯ ಮೇಲೆ ಕುಳಿತು ಬೇಳೆ ಹಸನು ಮಾಡುತ್ತಿದ್ದರು. ಕೊಟ್ರಯ್ಯ ಅವರ ಶಿಷ್ಯ. ಬಹಳ ವರ್ಷ ಸಾಧನೆ ಮಾಡಿದವನು. ಮರುದಿನ ಅವನು ಮೊದಲ ಬಾರಿಗೆ ಭಕ್ತರ ಎದುರು ಕುಳಿತು ಪ್ರವಚನ ಹೇಳಬೇಕಿತ್ತು.

"ಯಾರನ್ನು ಕರೆದೆ?" ಎಂದರು ಗುರುಗಳು.

"ದೇವರನ್ನು. ಈ ಮಠಕ್ಕೆ ಬಂದಾಗಿನಿಂದ ಕರೆಯುತ್ತಿದ್ದೇನೆ. ಒಂದು ಸಲವೂ ಉತ್ತರ ಬರಲಿಲ್ಲ. ನಾಳೆ ಜನರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಆ ಜಾಗ ಖಾಲಿ ಇದೆ, ಇನ್ನು ಮೇಲೆ ಕೇಳುವುದಿದ್ದರೆ ನನ್ನನ್ನೇ ಕೇಳಿ ಎನ್ನುತ್ತೇನೆ."

ಗುರುಗಳು ಸಿಟ್ಟಾಗಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿದರು.

"ಕೂಡು. ಒಂದು ಕಾಲುವೆಯಲ್ಲಿ ನಡೆದದ್ದನ್ನು ಹೇಳುತ್ತೇನೆ" ಎಂದರು.

ಒಂದು ಸೀಮೆಯಲ್ಲಿ ಒಂದು ದೊಡ್ಡ ಕಾಲುವೆ ಇತ್ತು. ಅಣೆಕಟ್ಟಿನಿಂದ ಹೊರಟ ನೀರು ಅದರಲ್ಲಿ ಹರಿದು ಬಂದು ಕವಲು ಕವಲಾಗಿ ಊರುಗಳಿಗೆ ಹೋಗುತ್ತಿತ್ತು. ಪ್ರತಿ ಕವಲಿನ ಬಾಯಿಗೆ ಒಂದು ಕಬ್ಬಿಣದ ಗೇಟು. ಗೇಟು ಎತ್ತಿದರೆ ಆ ಕವಲಿಗೆ ನೀರು. ಇಳಿಸಿದರೆ ಇಲ್ಲ.

ಮೊದಲು ಅದನ್ನು ಕೈಚಕ್ರ ತಿರುಗಿಸಿ ಎತ್ತುತ್ತಿದ್ದರು. ಆಮೇಲೆ ಮೋಟಾರು ಬಂತು. ಅದೂ ಆದ ಮೇಲೆ ಪ್ರತಿ ಗೇಟಿನ ಪಕ್ಕದ ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಕಂಪ್ಯೂಟರ್ ಬಂದು ಕೂತಿತು. ಕಾಲುವೆ ಕಚೇರಿಯಲ್ಲಿ ಕುಳಿತವರು ತೆರೆಯ ಮೇಲಿನ ಗುಂಡಿ ಒತ್ತಿದರೆ ಸಾಕು. ಅಪ್ಪಣೆ ಆ ಕಂಪ್ಯೂಟರಿಗೆ ಹೋಗುತ್ತಿತ್ತು. ಹರದಾರಿ ಆಚೆಯ ಗೇಟು ಏಳುತ್ತಿತ್ತು.

ಅಪ್ಪಣೆ ಸರಿಯಾದ ಗೇಟಿಗೇ ಮುಟ್ಟಬೇಕಲ್ಲ? ಅದಕ್ಕೆಂದು ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸ. ಅದು ಅಂಕಿಗಳ ವಿಳಾಸ. ಮನೆಯಲ್ಲಿ ಬಳಸುವ ಕಂಪ್ಯೂಟರಿಗೆ ನೆಟ್‌ವರ್ಕ್ ಎಂಬ ಜಾಲ ತಾನೇ ಒಂದು ವಿಳಾಸ ಕೊಡುತ್ತದೆ. ಇವತ್ತು ಒಂದು, ನಾಳೆ ಇನ್ನೊಂದು. ಅದರಿಂದ ಯಾರಿಗೂ ತೊಂದರೆಯಿಲ್ಲ. ಗೇಟಿನ ವಿಷಯ ಹಾಗಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ವಿಳಾಸ ಬದಲಾಗುವುದಾದರೆ ಯಾರ ಅಪ್ಪಣೆ ಯಾರಿಗೆ ಹೋದೀತು? ಆದ್ದರಿಂದ ಗೇಟಿನ ವಿಳಾಸವನ್ನು ಕೈಯಾರೆ ಬರೆದು ಕಾಯಂ ಮಾಡುತ್ತಾರೆ. ಸ್ಥಿರ ವಿಳಾಸ ಎನ್ನುತ್ತಾರೆ. ಅದಕ್ಕೆ ನಿಯಮ ಒಂದೇ. ಒಂದು ವಿಳಾಸದಲ್ಲಿ ಇಬ್ಬರು ಇರಬಾರದು.

ಆ ಸೀಮೆಯಲ್ಲಿ ಯಮನೂರಪ್ಪ ಎಂಬ ತಂತ್ರಜ್ಞನಿದ್ದ. ವಿಳಾಸ ಬರೆಯುವುದು ಅವನ ಕೆಲಸ. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಬಿಸಿಲಿರಲಿ, ದೂಳಿರಲಿ, ಹಿಡಿದದ್ದನ್ನು ಮುಗಿಸಿಯೇ ಊಟಕ್ಕೆ ಏಳುವವನು. ಅವನು ಮುಟ್ಟಿದ ಯಂತ್ರ ಮತ್ತೆ ರಿಪೇರಿಗೆ ಬರುವುದಿಲ್ಲ ಎಂಬ ಹೆಸರಿತ್ತು. ಆ ಹೆಸರು ಅವನಿಗೂ ಗೊತ್ತಿತ್ತು.

ಒಂದು ಬೇಸಿಗೆಯಲ್ಲಿ ಪಡುವಣ ಕವಲಿಗೆ ಹೊಸ ಗೇಟು ಕೂರಿಸಿದರು. ಅದರ ಕಂಪ್ಯೂಟರಿಗೆ ವಿಳಾಸ ಬರೆಯಲು ಯಮನೂರಪ್ಪ ಹೋದ. ವಿಳಾಸವನ್ನು ತಾನಾಗಿ ಪಡೆಯುವ ಕ್ರಮವನ್ನು ತೆಗೆದ. ಕೈಯಿಂದ ಬರೆಯುವ ಕ್ರಮವನ್ನು ಆರಿಸಿದ. ಜಾಲದ ಎಲ್ಲೆ ಎಷ್ಟು ಎಂದು ಬರೆದ. ಜಾಲದಿಂದ ಹೊರಗೆ ಹೋಗುವ ಬಾಗಿಲು ಯಾವುದು ಎಂದು ಬರೆದ. ಉಳಿದದ್ದು ವಿಳಾಸ. ಕಚೇರಿಯ ತೆರೆಯ ಮೇಲೆ ಕಾಣುತ್ತಿದ್ದ ಕೊನೆಯ ಗೇಟಿನ ವಿಳಾಸ ನಲವತ್ತು ಎಂದು ಮುಗಿಯುತ್ತಿತ್ತು. ಹಾಗಾದರೆ ಇದಕ್ಕೆ ನಲವತ್ತೊಂದು ಎಂದುಕೊಂಡ.

ತಿಳಿದವನು. ಸುಮ್ಮನೆ ಬರೆದುಬಿಡಲಿಲ್ಲ. ಮೊದಲು ನಲವತ್ತೊಂದನ್ನು ಕರೆದು ನೋಡಿದ. ಕಂಪ್ಯೂಟರಿನಲ್ಲಿ ಹಾಗೆ ಕರೆಯುವ ಕ್ರಮವಿದೆ. ಆ ವಿಳಾಸದಲ್ಲಿ ಇನ್ನೊಂದು ಯಂತ್ರವಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಓಗೊಡುತ್ತದೆ. ಯಾವುದೂ ಓಗೊಡಲಿಲ್ಲ. ಮತ್ತೆ ಕರೆದ. ಆಗಲೂ ಇಲ್ಲ.

ಕಚೇರಿಗೆ ಫೋನು ಮಾಡಿದ. ಅಲ್ಲಿ ಜಬೀನಾ ಎಂಬ ಹೆಣ್ಣುಮಗಳು ಎಂಜಿನಿಯರ್ ಆಗಿದ್ದಳು. ಹೊಸದಾಗಿ ಬಂದವಳು. ಗೇಟುಗಳ ಗುಂಡಿ ಒತ್ತುವುದು ಅವಳ ಕೆಲಸ.

"ನಲವತ್ತೊಂದು ಕೊಡ್ತಾ ಇದ್ದೀನಿ ಮೇಡಂ."

"ಅದನ್ನ ಬೇರೆ ಯಾವ ಗೇಟಿಗೂ ಕೊಟ್ಟಿಲ್ಲ ತಾನೇ, ಯಮನೂರಪ್ಪನವರೇ?"

"ಕೊಟ್ಟಿದ್ದರೆ ಓಗೊಡ್ತಿತ್ತಲ್ಲ ಮೇಡಂ. ಕರೆದು ನೋಡೀನಿ. ಖಾಲಿ."

ಜಬೀನಾ ಆಗಲಿ ಎಂದಳು. ಅವನು ಬರೆದ. ಮತ್ತೆ ಕರೆದ. ಈಗ ಹೊಸ ಗೇಟು ತಕ್ಷಣ ಓಗೊಟ್ಟಿತು. ಅವಳು ಕಚೇರಿಯಿಂದ ಎತ್ತಿದಳು, ಎದ್ದಿತು. ಇಳಿಸಿದಳು, ಇಳಿಯಿತು. ಯಮನೂರಪ್ಪ ಪೆಟ್ಟಿಗೆಗೆ ಬೀಗ ಹಾಕಿ ಊಟಕ್ಕೆ ಹೋದ.

ನಲವತ್ತೊಂದು ಖಾಲಿ ಇರಲಿಲ್ಲ. ಅದು ಮೂಡಲ ಕವಲಿನ ಗೇಟಿನದು, ಯಮನೂರಪ್ಪನಿಗಿಂತ ಮೊದಲಿನವರು ಬರೆದದ್ದು.

ಮೂಡಲ ಕವಲಿನಲ್ಲಿ ವರ್ಷಗಳ ಹೂಳು ತುಂಬಿತ್ತು. ಆ ಬೇಸಿಗೆಯಲ್ಲಿ ನೀರು ನಿಲ್ಲಿಸಿ ಹೂಳು ತೆಗೆಸುತ್ತಿದ್ದರು. ಅಲ್ಲಿಯ ಗೇಟು ನೋಡಿಕೊಳ್ಳುತ್ತಿದ್ದವನು ದುರುಗಪ್ಪ. ಸುತ್ತಿನ ಊರುಗಳಿಗೆ ನೀರು ಹಂಚುವ ನೀರುಗಂಟಿ. ಆಳುಗಳು ಕಾಲುವೆಗೆ ಇಳಿಯುವ ದಿನ ಅವನು ಗೇಟು ಇಳಿಸಿದ, ಮೋಟಾರಿಗೂ ಕಂಪ್ಯೂಟರಿಗೂ ಹೋಗುವ ಕರೆಂಟನ್ನೇ ತೆಗೆದ, ಪೆಟ್ಟಿಗೆಗೆ ಬೀಗ ಹಾಕಿದ. ಕಚೇರಿಯವರೂ ಎಚ್ಚರದವರೇ. ಯಾರೂ ಕೈತಪ್ಪಿ ಒತ್ತಬಾರದೆಂದು ಆ ಗೇಟಿನ ಗುಂಡಿಯನ್ನು ತೆರೆಯಿಂದಲೇ ತೆಗೆದುಹಾಕಿದ್ದರು. ಜಬೀನಾ ಆ ಕಚೇರಿಗೆ ಬಂದದ್ದು ಅದಾದ ಮೇಲೆ.

ಮೊದಲ ಕೆಲವು ದಿನ ಏನೂ ಆಗಲಿಲ್ಲ. ಪಡುವಣ ಗೇಟು ಚೆನ್ನಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ಆ ಕಡೆಯ ಊರುಗಳ ಕುಡಿಯುವ ನೀರಿನ ಕೆರೆ ತುಂಬುತ್ತಿತ್ತು. ಮೇಲಿನವರು ಬಂದು ನೋಡಿ ಯಮನೂರಪ್ಪನ ಬೆನ್ನು ತಟ್ಟಿದರು.

ಮೂಡಲ ಕವಲಿನಲ್ಲಿ ಹೂಳು ತೆಗೆಯುವ ಆಳುಗಳಿಗೆ ಹುಲಿಗೆಮ್ಮ ಎಂಬವಳು ಮುಂದಾಳು. ಗಟ್ಟಿ ಹೆಂಗಸು. ತುಂಬಿದ ಬುಟ್ಟಿಯನ್ನು ಒಬ್ಬಳೇ ತಲೆಗೆ ಏರಿಸಿಕೊಳ್ಳುವವಳು. ಗೇಟಿನ ಸಂದಿನಿಂದ ನೀರು ಜಿನುಗಿ ಕಾಲುವೆಯ ತಳದಲ್ಲಿ ನಿಲ್ಲತೊಡಗಿತು. ಅವಳು ದಡದ ಮೇಲಿದ್ದ ದುರುಗಪ್ಪನನ್ನು ಕೂಗಿದಳು.

"ಯಣ್ಣಾ, ಕೆಸರು ಮೊಣಕಾಲಿಗೆ ಬಂದೈತಿ. ಬುಟ್ಟಿ ಎತ್ತಾಕ ಆಗವಲ್ದು. ಪಂಪ್ ಹಚ್ಚಿ ನೀರು ತೆಗೆಸು."

ಪಂಪಿಗೆ ಕರೆಂಟು ಬೇಕು. ಕರೆಂಟು ಇದ್ದದ್ದು ಬೀಗ ಹಾಕಿದ ಪೆಟ್ಟಿಗೆಯಲ್ಲಿ. ದುರುಗಪ್ಪ ಯೋಚನೆ ಮಾಡಿದ. ಗೇಟು ಇಳಿದಿದೆ. ಕಚೇರಿಯಲ್ಲಿ ಅದರ ಗುಂಡಿಯೇ ಇಲ್ಲ. ಗುಂಡಿ ಇಲ್ಲದ ಮೇಲೆ ಎತ್ತುವವರು ಯಾರು? ಅವನು ಬೀಗ ತೆಗೆದು ಸ್ವಿಚ್ಚು ಹಾಕಿದ. ಪಂಪು ಓಡಿತು. ಆಳುಗಳು ಖುಷಿಯಾದರು.

ಪೆಟ್ಟಿಗೆಯೊಳಗೆ ಆ ಚಿಕ್ಕ ಕಂಪ್ಯೂಟರೂ ಎದ್ದಿತು. ಎಷ್ಟು ದಿನ ಮಲಗಿದರೂ ಅದು ತನ್ನ ವಿಳಾಸ ಮರೆತಿರಲಿಲ್ಲ. ಮರೆಯಬಾರದೆಂದೇ ಅಲ್ಲವೇ ಅದನ್ನು ಸ್ಥಿರ ಮಾಡಿದ್ದು. ಈಗ ಎರಡು ಯಂತ್ರ, ವಿಳಾಸ ಒಂದು. ಕಚೇರಿಯಿಂದ ಹೊರಟ ಅಪ್ಪಣೆ ಯಾವುದು ಮೊದಲು ಓಗೊಡುತ್ತದೋ ಅದರ ಕಡೆಗೆ ಹೋಗುತ್ತದೆ. ಒಮ್ಮೆ ಇದು, ಒಮ್ಮೆ ಅದು. ಹೀಗೇ ಎಂದು ಹೇಳಲು ಬರುವುದಿಲ್ಲ.

ಆ ದಿನ ಮಧ್ಯಾಹ್ನ ಜಬೀನಾ ಪಡುವಣ ಗೇಟನ್ನು ಎತ್ತಲು ಗುಂಡಿ ಒತ್ತಿದಳು. ಯಮನೂರಪ್ಪ ಬೇರೆ ಕೆಲಸಕ್ಕೆ ಕಚೇರಿಗೆ ಬಂದವನು ಅಲ್ಲೇ ಚಹಾ ಕುಡಿಯುತ್ತಿದ್ದ. ತೆರೆಯ ಮೇಲೆ ಗೇಟು ಮೆಲ್ಲಗೆ ಎದ್ದಿತು. ಕಾಲು ಭಾಗ, ಅರ್ಧ, ಪೂರ್ತಿ. ಸ್ವಲ್ಪ ಹೊತ್ತಿಗೆ ಪಡುವಣ ಗೇಟಿನ ಕಾವಲುಗಾರನ ಫೋನು ಬಂತು.

"ಮೇಡಂ, ಇವತ್ತು ಗೇಟು ಎತ್ತಲ್ವಾ?"

"ಎತ್ತಾಯ್ತಲ್ಲ. ಪೂರ್ತಿ ಎದ್ದಿದೆ ಅಂತ ತೋರಿಸ್ತಿದೆ."

"ಇಲ್ಲ ಮೇಡಂ. ನಾನು ಅದರ ಮುಂದೇ ನಿಂತೀನಿ. ಅಲ್ಲಾಡೇ ಇಲ್ಲ."

ಜಬೀನಾ ತೆರೆಯನ್ನು ನೋಡಿದಳು. ಮತ್ತೆ ಫೋನನ್ನು ನೋಡಿದಳು. ಯಮನೂರಪ್ಪನ ಕಡೆಗೆ ತಿರುಗಿದಳು.

"ಅಲ್ಲಿ ಎದ್ದಿಲ್ಲವಂತೆ. ಹಾಗಾದರೆ ಎದ್ದದ್ದು ಯಾವ ಗೇಟು?"

ಯಮನೂರಪ್ಪನ ಕೈಯಲ್ಲಿ ಲೋಟ ಹಾಗೇ ನಿಂತಿತು. ಆ ಬೇಸಿಗೆ ಕರೆಂಟು ತೆಗೆದಿಟ್ಟ ಗೇಟು ಆ ಸೀಮೆಯಲ್ಲಿ ಒಂದೇ ಇತ್ತು. ಅವನಿಗೆ ತಿಳಿಯಿತು. ಒಂದೇ ಗಳಿಗೆಯಲ್ಲಿ ಎಲ್ಲವೂ ತಿಳಿಯಿತು. ಕರೆದದ್ದು, ಓಗೊಡದೆ ಇದ್ದದ್ದು, ಖಾಲಿ ಎಂದು ತಾನು ಹೇಳಿದ್ದು.

"ಮೂಡಲದ್ದು" ಎಂದ.

"ಅಲ್ಲಿ ಜನ ಇದ್ದಾರೆ!" ಎಂದಳು ಜಬೀನಾ. ಅವಳ ಬೆರಳು ಆಗಲೇ ಇಳಿಸುವ ಗುಂಡಿಯ ಮೇಲಿತ್ತು. ಒತ್ತಿದಳು. ಗೇಟು ಇಳಿದಿದೆ ಎಂದು ತೆರೆ ತೋರಿಸಿತು. ಅವಳು ಉಸಿರು ಬಿಟ್ಟಳು.

ಯಮನೂರಪ್ಪ ಬಿಡಲಿಲ್ಲ. ಅವನು ತೆರೆಯನ್ನೇ ನೋಡುತ್ತಿದ್ದ. ಎದ್ದ ಗೇಟು ಇಳಿಯಲು ಹೊತ್ತು ಹಿಡಿಯುತ್ತದೆ. ಇದು ಒತ್ತಿದ ಕೂಡಲೇ ಇಳಿದಿದ್ದೇನೆ ಎಂದಿತು. ಮೊದಲೇ ಇಳಿದಿರುವ ಗೇಟು ಮಾತ್ರ ಹಾಗೆ ಹೇಳುತ್ತದೆ. ಅಪ್ಪಣೆ ಹೋದದ್ದು ಪಡುವಣಕ್ಕೆ. ಮೂಡಲದ ಗೇಟು ಇನ್ನೂ ಎದ್ದೇ ಇದೆ. ನೀರು ಹೋಗುತ್ತಲೇ ಇದೆ.

ಅವನು ಫೋನು ಕಸಿದುಕೊಂಡ. "ಅಲ್ಲಿಯ ಕರೆಂಟು ತೆಗಿ" ಎಂದು ಪಡುವಣದ ಕಾವಲುಗಾರನಿಗೆ ಕೂಗಿದ. ಅವನು ಯಾಕೆ ಎಂದು ಕೇಳಿದ. "ತೆಗಿಯಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ ತೆಗಿ!"

ಪಡುವಣದ ಯಂತ್ರ ಸತ್ತಿತು. ಈಗ ಆ ವಿಳಾಸದಲ್ಲಿ ಉಳಿದದ್ದು ಒಂದೇ. ಜಬೀನಾ ಮತ್ತೆ ಒತ್ತಿದಳು. ಈ ಸಲ ಗೇಟು ತೆರೆಯ ಮೇಲೆ ಮೆಲ್ಲಗೆ ಇಳಿಯತೊಡಗಿತು. ಅದನ್ನು ಬೇಗ ಇಳಿಸುವ ಉಪಾಯ ಇಬ್ಬರಿಗೂ ಗೊತ್ತಿರಲಿಲ್ಲ. ನಿಂತು ನೋಡಿದರು.

ಮೂಡಲ ಕವಲಿನಲ್ಲಿ ಅದು ಆಳುಗಳ ಊಟದ ಹೊತ್ತು. ಗೇಟಿನಿಂದ ಸ್ವಲ್ಪ ದೂರದಲ್ಲಿ ಕಾಲುವೆಗೆ ಅಡ್ಡಲಾಗಿ ಒಂದು ಸೇತುವೆ. ಅದರ ನೆರಳಿನಲ್ಲಿ, ಕಾಲುವೆಯ ತಳದಲ್ಲೇ ಅವರು ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ದುರುಗಪ್ಪ ಅವರಿಗೆ ಕುಡಿಯುವ ನೀರು ತಂದು ದಡದ ಮೇಲೆ ನಿಂತಿದ್ದ. ಅವನಿಗೆ ಮೊದಲು ಸದ್ದು ಕೇಳಿಸಿತು. ತಿರುಗಿ ನೋಡಿದ. ಹೂಳನ್ನೂ ಕಸವನ್ನೂ ಎತ್ತಿಕೊಂಡು ನೀರು ಬರುತ್ತಿತ್ತು.

ನೀರುಗಂಟಿಗೆ ನೀರು ಹೊಸದಲ್ಲ. ಆದರೂ ಅವನು ಒಂದು ಗಳಿಗೆ ಕಲ್ಲಿನಂತೆ ನಿಂತುಬಿಟ್ಟ. ಗೇಟು ಇಳಿಸಿದವನು ಅವನೇ. ಅವನ ಕಣ್ಣು ನೋಡಿದ್ದನ್ನು ಅವನ ಮನಸ್ಸು ಒಪ್ಪಲಿಲ್ಲ. ಆಮೇಲೆ ಕೂಗಿದ.

ಕಾಲುವೆಯ ಗೋಡೆಗೆ ಸಿಮೆಂಟು ಮೆತ್ತಿದ್ದರು. ಕಾಲಿಟ್ಟರೆ ಜಾರುತ್ತಿತ್ತು. ದುರುಗಪ್ಪ ದಡದ ಮೇಲೆ ಬೋರಲು ಮಲಗಿ ತನ್ನ ರುಮಾಲನ್ನು ಬಿಚ್ಚಿ ಇಳಿಬಿಟ್ಟ. ಹುಲಿಗೆಮ್ಮ ಕೆಳಗೆ ನಿಂತು ಒಬ್ಬೊಬ್ಬರಿಗೂ ಹೆಗಲು ಕೊಟ್ಟಳು. ಅವಳು ನೂಕಿದಳು, ಅವನು ಎಳೆದ. ಮೇಲೆ ಬಂದವರು ಅವನ ಕಾಲು ಹಿಡಿದುಕೊಂಡರು. ನೀರು ಅವಳ ಸೊಂಟಕ್ಕೆ ಬಂತು. ಎದೆಗೆ ಬಂತು. ಎಲ್ಲರೂ ಮೇಲೆ ಬಂದರು. ಅವಳೊಬ್ಬಳು ಉಳಿದಳು.

ಅವಳು ರುಮಾಲಿನ ತುದಿ ಹಿಡಿದಳು. ರುಮಾಲು ಕೆಸರಾಗಿತ್ತು. ಕೈಯೂ ಕೆಸರಾಗಿತ್ತು.

ಅವಳನ್ನು ಮುಂದಿನ ಸೇತುವೆಯ ಕಂಬದ ಬಳಿ ಎತ್ತಿದರು. ಜೀವ ಇರಲಿಲ್ಲ. ಅಷ್ಟರಲ್ಲಿ ಗೇಟು ಇಳಿದು, ಕಾಲುವೆಯ ನೀರು ಮತ್ತೆ ಮೊಣಕಾಲ ಮಟ್ಟಕ್ಕೆ ತಗ್ಗಿತ್ತು.

ಯಮನೂರಪ್ಪ ಮೋಟಾರ್ ಸೈಕಲ್ಲಿನಲ್ಲಿ ಬಂದ. ಜನ ಗುಂಪುಗೂಡಿ ನಿಂತಿದ್ದರು. ಯಾರೂ ಅಳುತ್ತಿರಲಿಲ್ಲ. ಏನಾಯಿತು ಎಂದು ಇನ್ನೂ ಯಾರಿಗೂ ನಂಬಿಕೆ ಬಂದಿರಲಿಲ್ಲ. ದುರುಗಪ್ಪ ಒದ್ದೆ ರುಮಾಲನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದ. ಯಮನೂರಪ್ಪನನ್ನು ಕಂಡು ಕೇಳಿದ.

"ಗೇಟು ಎತ್ತಿದವರು ಯಾರು?"

"ನಾನು."

"ನೀನು ಇಲ್ಲಿ ಇರಲೇ ಇಲ್ಲಲ್ಲೋ ತಮ್ಮಾ."

"ಅದರ ವಿಳಾಸದಾಗ ಇನ್ನೊಂದನ್ನ ಕೂರಿಸಿದೆ" ಎಂದ ಯಮನೂರಪ್ಪ.

ದುರುಗಪ್ಪನಿಗೆ ಅದು ಅರ್ಥವಾಯಿತೋ ಇಲ್ಲವೋ. ಅವನು ಬೇರೆಯೇ ಹೇಳಿದ. "ಕಡೀಕೆ ಅಕಿ ನನ್ನ ಕರೆದಳು. ಯಣ್ಣಾ ಅಂದಳು. ನನಗ ಕೇಳಿಸ್ತು. ಕೈ ಎಟುಕಲಿಲ್ಲ."

ಆಮೇಲೆ ವಿಚಾರಣೆ ನಡೆಯಿತು. ಯಮನೂರಪ್ಪ ಏನನ್ನೂ ಮುಚ್ಚಿಡಲಿಲ್ಲ. ಖಾಲಿ ಎಂದವನು ನಾನೇ ಎಂದ. ಜಬೀನಾ ನಾನೂ ಒಪ್ಪಿದ್ದೆ ಎಂದಳು. ಅವನ ಕೆಲಸ ಹೋಯಿತು. ಅವಳನ್ನು ಬೇರೆ ಕಡೆಗೆ ಹಾಕಿದರು. ಪಡುವಣ ಗೇಟಿಗೆ ಬೇರೆ ವಿಳಾಸ ಬರೆದರು. ಅದನ್ನು ಬರೆಯಲು ಒಂದು ಗಳಿಗೆಯೂ ಹಿಡಿಯಲಿಲ್ಲ.

ಒಂದು ದಿನ ಯಮನೂರಪ್ಪ ಹುಲಿಗೆಮ್ಮನ ಊರಿಗೆ ಹೋದ. ಬಾಗಿಲಲ್ಲಿ ಅವಳ ಗಂಡ ನಿಂತಿದ್ದ. ಯಮನೂರಪ್ಪ ತಾನು ಯಾರು ಎಂದು ಹೇಳಿದ. ಗಂಡ ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದ. ಹೊಡೆಯಲಿ ಎಂದೇ ಹೋಗಿದ್ದ. ಗಂಡ ಒಂದೇ ಮಾತು ಕೇಳಿದ.

"ನೀ ಅಕಿನ್ನ ನೋಡಿದ್ದೇನು?"

"ಇಲ್ಲ."

"ಒಮ್ಮೆನೂ?"

"ಇಲ್ಲ."

ಗಂಡ ಅವನ ಮುಖ ನೋಡಿದ. ಕಾಣದವಳನ್ನು ಹೀಗೆ ಕೊಲ್ಲಲು ಬರುತ್ತದೆ ಎಂಬುದನ್ನೇ ಅವನಿಗೆ ನಂಬಲಾಗಲಿಲ್ಲ. ಆಮೇಲೆ ಒಳಗೆ ಹೋದ. ಬಾಗಿಲು ಹಾಕಲಿಲ್ಲ. ಯಮನೂರಪ್ಪ ಒಳಗೆ ಹೋಗಲೂ ಆಗದೆ ತಿರುಗಿ ಬರಲೂ ಆಗದೆ ಹೊಸ್ತಿಲ ಹೊರಗೆ ಸಂಜೆಯವರೆಗೂ ಕುಳಿತಿದ್ದ.

ಗುರುಗಳು ನಿಲ್ಲಿಸಿದರು.

ಕೊಟ್ರಯ್ಯನಿಗೆ ತನ್ನ ಪ್ರಶ್ನೆ ಮರೆತುಹೋಗಿತ್ತು. ಆ ಹೆಂಗಸಿನ ಸಾವಿಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕು ಎನಿಸಿತು. ಯಮನೂರಪ್ಪನ ಮೇಲೆ ಸಿಟ್ಟು ಬರಲಿಲ್ಲ. ದುರುಗಪ್ಪನ ಮೇಲೂ ಬರಲಿಲ್ಲ. ಜಬೀನಾಳ ಮೇಲೂ ಬರಲಿಲ್ಲ.

"ತಪ್ಪು ಆ ಮೂಡಲದ ಯಂತ್ರದ್ದು, ಅಜ್ಜಾರ" ಎಂದ. "ಕರೆದಾಗ ಒಂದೇ ಒಂದು ಸಲ ಓಗೊಟ್ಟಿದ್ದರೆ ಸಾಕಿತ್ತು. ಆಕೆ ಬದುಕುತ್ತಿದ್ದಳು. ಅಲ್ಲೇ ಇದ್ದೂ ಅದು ಯಾಕೆ ಸುಮ್ಮನಿತ್ತು?"

ಗುರುಗಳು ಹೇಳಿದರು: "ಕಾಲುವೆಯಲ್ಲಿ ಜನ ಇದ್ದರಪ್ಪ, ಅವರು ಬದುಕಿರಲಿ ಎಂದೇ ಅದು ಸುಮ್ಮನಿತ್ತು."